ಹಿಂದಿನ ಚಕ್ರಕ್ಕೆ ಸರಪಳಿ

ಸಯನ್

ಟೈರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಇಪ್ಪತ್ತೆರಡು ವರ್ಷ ಎದೆ ಉಬ್ಬಿಸಿಕೊಂಡು ಓಡಾಡಿದವನು ನಾನು. ಪರೇಲಿನಲ್ಲಿ ನಮ್ಮ ಕಂಪನಿಯ ಗೋದಾಮಿನ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಗಿರಾಕಿಗಳು ದೂರು ಬರೆದು ವಾಪಸು ಕಳಿಸಿದ ಟೈರುಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಒಡೆದದ್ದು, ಸೀಳಿದ್ದು, ಒಂದೇ ಮಗ್ಗುಲು ಸವೆದದ್ದು. ಉಗುರಿನಿಂದ ಒತ್ತಿ, ಒಳಗೆ ಕೈ ಹಾಕಿ ಸವರಿ, ತಪ್ಪು ಟೈರಿನದೋ ಓಡಿಸಿದವನದೋ ಎಂದು ತೀರ್ಪು ಬರೆಯುವುದು ನನ್ನ ಕೆಲಸ. ಬಹಳ ಸಲ ನಾನು ಬರೆಯುವುದು ಒಂದೇ ವಾಕ್ಯ: ‘ತಪ್ಪು ಓಡಿಸಿದವನದು.’ ಈ ಒಂದು ವಾಕ್ಯಕ್ಕಾಗಿ ಮುಂಬಯಿಯ ಅರ್ಧದಷ್ಟು ಟ್ಯಾಕ್ಸಿಯವರು ನನಗೆ ಶಾಪ ಹಾಕಿದ್ದಾರೆ. ಹಾಕಲಿ.

ಅಂಥವನು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಹೋಗಿ ಸಿಕ್ಕಿಕೊಂಡದ್ದು ಹೇಗೆಂದು ಹೇಳಬೇಕಾದರೆ ಮೊದಲು ನನ್ನ ಪಾಸ್‌ಪೋರ್ಟಿನ ಕಥೆ ಹೇಳಬೇಕು. ಕಂಪನಿಯವರು ಒಂದು ವರ್ಷ ‘ಭೂಷಣ್, ನಿಮ್ಮನ್ನು ಜರ್ಮನಿಗೆ ತರಬೇತಿಗೆ ಕಳಿಸುತ್ತೇವೆ’ ಎಂದರು. ನಾನು ಫೋಟೊ ತೆಗೆಸಿ, ಸಾಲಿನಲ್ಲಿ ನಿಂತು ಪಾಸ್‌ಪೋರ್ಟ್ ಮಾಡಿಸಿದೆ. ಜರ್ಮನಿಗೆ ಹೋದವನು ಮಾತ್ರ ಮ್ಯಾನೇಜರನ ತಂಗಿಯ ಗಂಡ. ಟೈರು ದುಂಡಗಿರುತ್ತದೆ ಎನ್ನುವುದರಾಚೆ ಅವನಿಗೆ ಏನೂ ಗೊತ್ತಿರಲಿಲ್ಲ. ಬಂದವನು ಎಲ್ಲರಿಗೂ ಒಂದೊಂದು ಚಾಕೊಲೇಟು ಹಂಚಿದ. ನಾನು ನನ್ನದನ್ನು ಮೇಜಿನ ಮೇಲೆಯೇ ಬಿಟ್ಟು ಮನೆಗೆ ಬಂದೆ.

ಸಯನ್ನಿನ ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಪದ್ದಕ್ಕ ಇದ್ದರು. ಉಡುಪಿ ಕಡೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಸುಧಾಕರ ಮಾಟುಂಗದ ಒಂದು ಹೋಟೆಲಿನ ಪಾಲುದಾರ. ಮಗಳು ವನಜಾ ನರ್ಸ್ ಕಲಿತು ಸ್ವಿಟ್ಜರ್ಲೆಂಡಿನ ಬೆಟ್ಟದ ಊರೊಂದರ ಆಸ್ಪತ್ರೆಗೆ ಹೋಗಿ ಆರು ವರ್ಷ. ಪದ್ದಕ್ಕನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದ್ದರಿಂದ ಮಗಳ ಕಾಗದಗಳನ್ನು ಎರಡನೇ ಮಹಡಿಯ ನಾನು ಓದಿ ಹೇಳುತ್ತಿದ್ದೆ. ಒಂದು ದಿನ ಬಂದ ಕಾಗದದಲ್ಲಿ ಹೀಗಿತ್ತು: ‘ಅಮ್ಮಾ, ನಾನು ಇಲ್ಲಿಯ ಹುಡುಗನನ್ನು ಮದುವೆ ಆಗುತ್ತಿದ್ದೇನೆ. ಹೆಸರು ರೇಟೊ. ಚಳಿಗಾಲದಲ್ಲಿ ಘಾಟಿಯ ರಸ್ತೆಯ ಮೇಲೆ ಬೀಳುವ ಹಿಮ ತೆಗೆಯುವ ಕೆಲಸ. ತುಂಬಾ ಒಳ್ಳೆಯವನು.’

ನಾನು ಕನ್ನಡಕ ತೆಗೆದು ಹೇಳಿದೆ, “ಅಂದ್ರೆ ರಸ್ತೆ ಗುಡಿಸೋನು ಅಂತಾಯ್ತು.”

ಪದ್ದಕ್ಕ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದರು. ಬಾಗಿಲಲ್ಲಿ ಯಾರು ನಿಂತಿದ್ದರೋ, ಸಂಜೆಯೊಳಗೆ ಆ ಮಾತು ಮೂರೂ ಮಹಡಿ ಹತ್ತಿ ಇಳಿದಿತ್ತು. ಪದ್ದಕ್ಕನ ಮಗಳು ರಸ್ತೆ ಗುಡಿಸುವವನನ್ನು ಕಟ್ಟಿಕೊಳ್ಳುತ್ತಾಳಂತೆ. ನೀರು ತುಂಬಿಸುವ ಹೊತ್ತಿಗೆ ಅದೇ, ಹಾಲಿನ ಸಾಲಿನಲ್ಲಿ ಅದೇ. ಸುಧಾಕರನಿಗಂತೂ ಕಿಡಿ ಹಾರಿತು. ವನಜಾ ಅಮ್ಮನಿಗೊಂದು, ಅಣ್ಣನಿಗೊಂದು ಟಿಕೆಟ್ಟಿನ ಏರ್ಪಾಡು ಮಾಡಿದ್ದಳು. ಅವನು ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ, “ನಾನು ಅಲ್ಲಿ ಹೋಗಿ ಅವನ ಪೊರಕೆಗೆ ಪೂಜೆ ಮಾಡ್ಲಿಕ್ಕಾ? ಅಪುನ್ ನಹೀ ಜಾಯೇಗಾ” ಎಂದ.

ಎರಡು ದಿನ ಬಿಟ್ಟು ಪದ್ದಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು.

“ಭೂಷಣರೆ, ನಿಮ್ಮ ಹತ್ರ ಪಾಸ್‌ಪೋರ್ಟ್ ಉಂಟಲ್ಲ. ಸುಮ್ನೆ ಪೆಟ್ಟಿಗೆಯಲ್ಲಿ ಕೂತು ಅದಕ್ಕೂ ಬೇಜಾರು ಬಂದಿರ್ಬಹುದು. ಒಂದು ಸಲ ಊರು ತೋರ್ಸಿ ಮಾರಾಯ್ರೆ.”

“ನಾನು ಯಾಕ್ರೀ ಪದ್ದಕ್ಕ? ನಿಮ್ಮ ಮಗನಿಗೆ ಹೇಳಿ.”

“ಹೇಳಿ ಆಯ್ತು. ಧಾರೆ ಎರೆಯೋದಕ್ಕೆ ಒಬ್ಬ ಗಂಡಸು ಬೇಕು. ನಾನು ಎರೆಯುವ ಹಾಗಿಲ್ಲ, ನಿಮ್ಗೆ ಗೊತ್ತುಂಟಲ್ಲ.”

ಗಂಡನಿಲ್ಲದವರು ಧಾರೆ ಎರೆಯಬಾರದು. ಯಾರು ಮಾಡಿದ ನಿಯಮವೋ! ಮಗಳನ್ನು ಹೆತ್ತು, ಸಾಕಿ, ಓದಿಸಿದವರು ಮದುವೆಯ ದಿನ ಗೋಡೆಗೆ ಒರಗಿ ನಿಲ್ಲಬೇಕು. ಆ ಸಿಟ್ಟಿನಲ್ಲಿ ಆಗಲಿ ಎಂದುಬಿಟ್ಟೆ. ನನ್ನ ಬಾಯಿಂದ ಬಿದ್ದ ಮಾತಿನ ಋಣ ತೀರಿಸಲು ಒಪ್ಪಿಕೊಂಡೆ ಎಂದು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ವಿಲೆ ಪಾರ್ಲೆ

ಮದುವೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಊರಿನ ಪಂಚಾಯತಿ ಕಚೇರಿಯಲ್ಲಿ ನೋಂದಣಿ. ಅಧಿಕಾರಿ ಆ ಹಳ್ಳಿಗೆ ಬರುವುದು ಅಂದು ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಅವರ ಹಬ್ಬದ ರಜೆ ಮುಗಿಯುವ ತನಕ ಇಲ್ಲ. ಅಷ್ಟರಲ್ಲಿ ನಮ್ಮ ವಾಪಸು ವಿಮಾನ ಹೊರಟಿರುತ್ತಿತ್ತು. ವಧುವಿನ ಕಡೆಯಿಂದ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ‘ಅಣ್ಣ ಬಾರದಿದ್ದರೆ ಅಮ್ಮನೇ ಹಾಕಲಿ. ಅಮ್ಮನೂ ಬಾರದಿದ್ದರೆ ನನ್ನ ಕಡೆಯವರು ಯಾರೂ ಇಲ್ಲವೆಂದೇ ಬರೆಸುತ್ತೇನೆ’ ಎಂದು ವನಜಾ ಬರೆದಿದ್ದಳು. ಆ ಸಾಲನ್ನು ಪದ್ದಕ್ಕ ನನ್ನಿಂದ ಮೂರು ಸಲ ಓದಿಸಿದರು.

ಹೊರಡುವ ದಿನ ಸುಧಾಕರ, ಏನೇ ಆದರೂ ಮಗನಲ್ಲವೇ, ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕುಳಿತ. ವಿಮಾನ ನಿಲ್ದಾಣದವರೆಗೆ ಬರುತ್ತಾನೆಂದು ಪದ್ದಕ್ಕನ ಮುಖ ಸ್ವಲ್ಪ ಅರಳಿತ್ತು. ವಿಲೆ ಪಾರ್ಲೆಯ ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತದ್ದೇ ಅವನು ಬಾಗಿಲು ತೆಗೆದ.

“ಮಾಮಾ, ಇಲ್ಲಿ ಒಬ್ಬ ಪಾರ್ಟಿಯನ್ನ ನೋಡ್ಬೇಕು. ಅರ್ಜೆಂಟ್. ಅಮ್ಮನ್ನ ಸಂಭಾಲ್ ಲೇನಾ.”

“ಹತ್ತು ನಿಮಿಷದ ದಾರಿ ಉಳಿದಿದೆಯಲ್ಲೋ ಸುಧಾಕರ!”

ಅವನು ಆಗಲೇ ಬಸ್ಸುಗಳ ನಡುವೆ ನುಗ್ಗಿಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಪದ್ದಕ್ಕ ಮಾತ್ರ, “ಬಿಸಿಲಲ್ಲಿ ಟೊಪ್ಪಿ ಸಹ ಇಲ್ಲ ಅವನಿಗೆ” ಎಂದು ಕಿಟಕಿಯಿಂದ ನೋಡುತ್ತಿದ್ದರು. ಅವರ ಮಡಿಲಲ್ಲಿ ಒಂದು ಹಿತ್ತಾಳೆ ಗಿಂಡಿ ಇತ್ತು. ಕೊಕ್ಕಿನ ಬಾಯಿಯ ಚಿಕ್ಕ ಗಿಂಡಿ. ವನಜಾಳ ಧಾರೆಗೆಂದು ಎತ್ತಿಟ್ಟದ್ದು.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಯೇ ಆಂಟಿಕ್ ಹೈ ಕ್ಯಾ?” ಎಂದ. “ಆಂಟಿಕ್ ನಾನು ಮಗಾ, ಅದು ನಿನ್ನೆ ತೊಳೆದದ್ದು” ಎಂದು ಪದ್ದಕ್ಕ ಕನ್ನಡದಲ್ಲೇ ಹೇಳಿದರು. ಏನು ಅರ್ಥವಾಯಿತೋ, ಬಿಟ್ಟ.

ಜ್ಯೂರಿಕ್

ವನಜಾ ಸ್ಪಷ್ಟವಾಗಿ ಬರೆದಿದ್ದಳು: ‘ರೈಲಿನಲ್ಲೇ ಬನ್ನಿ. ಮೂರು ಕಡೆ ಬದಲಿಸಬೇಕು, ಸುಲಭ.’ ಸುಲಭವಂತೆ! ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ಎಷ್ಟು ಹೊತ್ತು ನಿಲ್ಲುತ್ತದೆಂದು ಮರೆತಿದ್ದಾಳೆ ಈ ಹುಡುಗಿ, ಎಂದುಕೊಂಡೆ. ಮೊಣಕಾಲು ನೋವಿನ ಮುದುಕಿ, ನಾಲ್ಕು ಚೀಲ, ಮೂರು ಬದಲಾವಣೆ. ಒಂದು ಕಡೆ ಪದ್ದಕ್ಕ ಒಳಗೆ, ನಾನು ಹೊರಗೆ ಆದರೆ? ಬೇಡವೇ ಬೇಡ, ಕಾರು ತೆಗೆದುಕೊಂಡೇ ಹೋಗುವುದು ಎಂದು ಅಂತಾರಾಷ್ಟ್ರೀಯ ಲೈಸೆನ್ಸನ್ನೂ ಮಾಡಿಸಿಕೊಂಡೇ ಬಂದಿದ್ದೆ. ಅಲ್ಲಿಯ ರೈಲುಗಳಿಗೆ ಮುದುಕರನ್ನೂ ಅವರ ಸಾಮಾನನ್ನೂ ಸಾಮಾನಿನ ಜೊತೆಗಿರುವ ನಾಯಿಯನ್ನೂ ಸಾವಕಾಶವಾಗಿ ಇಳಿಸುವಷ್ಟು ಪುರುಸೊತ್ತು ಇರುತ್ತದೆಂದು ತಿಳಿದದ್ದು ವಾಪಸು ಬರುವಾಗ.

ಬಾಡಿಗೆ ಕಾರಿನ ಕಚೇರಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸು. ಕೊರಳಿಗೆ ಕನ್ನಡಕ ನೇತುಹಾಕಿಕೊಂಡಿದ್ದಳು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ಘಾಟಿ ದಾಟಬೇಕೆಂದು ತಿಳಿದ ಮೇಲೆ ನನ್ನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದೇ ಬಗೆಯ ಎರಡು ಚಿಕ್ಕ ಕಾರುಗಳು ನಿಂತಿದ್ದವು.

“ಇದಕ್ಕೆ ಚಳಿಗಾಲದ ಟೈರು. ಅದಕ್ಕೆ ಬೇಸಿಗೆಯದು” ಎಂದಳು ಇಂಗ್ಲಿಷಿನಲ್ಲಿ.

“ಟೈರಿಗೆ ಎಂಥ ಬೇಸಿಗೆ, ಎಂಥ ಚಳಿಗಾಲ? ಸ್ವೆಟರು ಹೊದಿಸುತ್ತೀರೇನು ಅದಕ್ಕೆ?”

ಅವಳು ನಗಲಿಲ್ಲ. ಆ ದೇಶದಲ್ಲಿ ಯಾರೂ ಸುಲಭವಾಗಿ ನಗುವುದಿಲ್ಲ. ನಾನು ಬಗ್ಗಿ ಚಳಿಗಾಲದ್ದೆಂಬ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದೆ. ಉಗುರು ಒಳಗೆ ಹೋಯಿತು! ಮೆತ್ತಗೆ, ಮಕ್ಕಳ ಅಳಿಸುವ ರಬ್ಬರಿನ ಹಾಗೆ. ಪರೇಲಿನ ಶೆಡ್ಡಿಗೆ ಇಂಥ ಟೈರು ಬಂದಿದ್ದರೆ ಅದನ್ನು ಮಾಡಿದವನ ಕೆಲಸ ಹೋಗುತ್ತಿತ್ತು. ನಮ್ಮ ಮೇ ತಿಂಗಳ ಡಾಂಬರಿನ ಮೇಲೆ ಇದು ಒಂದು ವಾರ ಬಾಳುವುದಿಲ್ಲ. ಇನ್ನೊಂದು ಕಾರಿನದಕ್ಕೆ ಒತ್ತಿದೆ. ಕಲ್ಲು! ಟೈರು ಎಂದರೆ ಅದು. ಪರದೇಶದವರೆಂದು ಹಳೆಯ ಮೆತ್ತನೆಯ ಮಾಲನ್ನು ನಮ್ಮ ತಲೆಗೆ ಕಟ್ಟಲು ನೋಡುತ್ತಾರೆ ಎಂದು ನನಗೆ ರೇಗಿ ಹೋಯಿತು. ಚಳಿಯಲ್ಲಿ ಗಟ್ಟಿ ರಬ್ಬರು ಇನ್ನೂ ಗಟ್ಟಿಯಾಗಿ, ಹಿಮದ ಮೇಲೆ ಗಾಜಿನ ಹಾಗೆ ಜಾರುತ್ತದೆ, ಮೆತ್ತಗಿದ್ದದ್ದೇ ಕಚ್ಚಿ ಹಿಡಿಯುತ್ತದೆ ಎಂಬ ಸಂಗತಿ ಇಪ್ಪತ್ತೆರಡು ವರ್ಷದ ನನ್ನ ವಿದ್ಯೆಯಲ್ಲಿ ಎಲ್ಲಿಯೂ ಬಂದಿರಲಿಲ್ಲ. ಎಲ್ಲಿಂದ ಬರಬೇಕು? ಮುಂಬಯಿಯಲ್ಲಿ ನಾವು ನೋಡಿದ ಹಿಮ ಮೀನಿನ ಬುಟ್ಟಿಯಲ್ಲಿರುವುದು.

“ಅದೇ ಬೇಕು” ಎಂದು ಗಟ್ಟಿ ಟೈರಿನ ಕಾರನ್ನು ತೋರಿಸಿದೆ.

“ಹಾಗಾದರೆ ಹಿಮದಲ್ಲಿ ಚಕ್ರಕ್ಕೆ ಸುತ್ತುವ ಸರಪಳಿ ಕಡ್ಡಾಯ” ಎಂದು ಅವಳು ಎರಡು ಪೆಟ್ಟಿಗೆ ತಂದಿಟ್ಟಳು. ಒಂದರಲ್ಲಿ ತೆಳ್ಳಗಿನ, ಬಲೆಯ ಹಾಗೆ ಹೆಣೆದ ಸರಪಳಿ. ಇನ್ನೊಂದರಲ್ಲಿ ಏಣಿಯ ಮೆಟ್ಟಿಲಿನಂಥ ದಪ್ಪ ಸರಪಳಿ. ಬಲೆಯದು ಸುಲಭ, ಹೊಸಬರಿಗೆ ಅದೇ ಒಳ್ಳೆಯದು ಎಂದಳು. ಹೊಸಬರು! ನಾನು ದಪ್ಪದ್ದನ್ನು ಎತ್ತಿಕೊಂಡೆ. ಹಾಕುವುದು ಹೇಗೆಂದು ತೋರಿಸುತ್ತೇನೆ, ಐದು ನಿಮಿಷ ಸಾಕು ಎಂದಳು. ಟೈರಿನ ವಿಷಯ ನನಗೆ ಗೊತ್ತಿದೆ ಎಂದೆ. ಅವಳು ಒಳಗೆ ಹೋಗಿ ಒಂದು ಕಾಗದ ತಂದು, ಚಳಿಗಾಲದ ಟೈರನ್ನೂ ಸರಪಳಿಯ ಪಾಠವನ್ನೂ ತಾನು ಕೊಡಬಂದರೂ ನಾನೇ ಬೇಡವೆಂದೆ ಎಂದು ಬರೆದು ಸಹಿ ಹಾಕಿಸಿಕೊಂಡಳು. ಆಪರೇಷನ್ನಿಗೆ ಮುಂಚೆ ರೋಗಿಯ ಕಡೆಯವರಿಂದ ಹಾಕಿಸಿಕೊಳ್ಳುವಂತೆ! ಸಿಟ್ಟಿನಲ್ಲಿ ಅಷ್ಟುದ್ದ ಸಹಿ ಹಾಕಿದೆ.

ಪದ್ದಕ್ಕ ನನ್ನ ಪಕ್ಕದ ಸೀಟಿನಲ್ಲಿ ಗಿಂಡಿ ಹಿಡಿದು ಕುಳಿತು, “ಅವಳು ಒಳ್ಳೆ ಮಾತೇ ಹೇಳಿದ ಹಾಗೆ ಕಂಡಿತು, ಅಲ್ವಾ?” ಎಂದರು.

“ವ್ಯಾಪಾರದವರು ಪದ್ದಕ್ಕ. ಎಲ್ಲರೂ ಒಳ್ಳೆ ಮಾತೇ ಹೇಳ್ತಾರೆ.”

ಕೂರ್

ಘಾಟಿಯ ಈಚೆಯ ಪಟ್ಟಣ ಕೂರ್. ಗುರುವಾರ ಅಲ್ಲಿ ಒಂದು ಮನೆಯಂಥ ವಸತಿಗೃಹದಲ್ಲಿ ತಂಗಿದೆವು. ಒಡತಿ ಬಾಗಿಲಲ್ಲೇ ತಡೆದು ಬೂಟು ಬಿಚ್ಚಿಸಿದಳು. ಇದೊಂದು ವಿಷಯದಲ್ಲಿ ಪದ್ದಕ್ಕನಿಗೆ ಆ ದೇಶದ ಮೇಲೆ ಗೌರವ ಹುಟ್ಟಿತು. ನನಗೆ ಹುಟ್ಟಲಿಲ್ಲ. ರಸ್ತೆಯಲ್ಲಿ ಒಂದು ವಾಹನವಿಲ್ಲ, ಒಂದು ನರಪಿಳ್ಳೆಯಿಲ್ಲ, ಆದರೂ ಒಬ್ಬ ಮುದುಕ ಕೆಂಪು ದೀಪಕ್ಕೆ ಕಾಯುತ್ತ ನಿಂತಿದ್ದಾನೆ! ನಾನು ದಾಟಿದೆ. ಅವನು ನನ್ನನ್ನು ನೋಡಿದ ನೋಟಕ್ಕೆ ದಾದರಿನಲ್ಲಾಗಿದ್ದರೆ ಜಗಳವಾಗುತ್ತಿತ್ತು.

ಸಂಜೆ ವನಜಾಗೆ ಫೋನು ಮಾಡಿದಾಗ ಅವಳು ಗಾಬರಿಯಾದಳು. “ಕಾರಾ? ಅಂಕಲ್, ನಾಳೆ ಬಹೋತ್ ಸ್ನೋ ಇದೆ ಅಂತ ರೇಡಿಯೋದಲ್ಲಿ ಬಂತು. ಟೈರ್ ಯಾವ್ದು?” ಎಂದಳು. ನಂಬರ್ ಒನ್ ಟೈರು ಎಂದೆ. “ರೇಟೊಗೆ ಹೇಳ್ತೀನಿ” ಎಂದಳು. ಹೇಳಿಕೋ, ಅವನು ಬಂದು ನನಗೇನು ಹೇಳಿಕೊಡುತ್ತಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಘಾಟಿಯ ಬುಡ

ಬೆಳಿಗ್ಗೆ ಏಳಕ್ಕೇ ಹೊರಟೆವು. ಪದ್ದಕ್ಕ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು, ಮೇಲೆ ಸುಧಾಕರನ ಹಳೆಯ ಕೋಟು, ಅದರ ಮೇಲೆ ಶಾಲು, ತಲೆಗೆ ನನ್ನದೊಂದು ಮಂಕಿ ಟೋಪಿ ಹಾಕಿಕೊಂಡಿದ್ದರು. ಒಡತಿಯಿಂದ ಫ್ಲಾಸ್ಕಿನ ತುಂಬ ಬಿಸಿನೀರು ತುಂಬಿಸಿಕೊಂಡಿದ್ದರು. ಹಿಮ ಸಣ್ಣಗೆ ಬೀಳುತ್ತಿತ್ತು. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಚೆಂದ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಡಗಡೆ ಸ್ಟಿಯರಿಂಗು, ಬಲಗೈಯಲ್ಲಿ ಗೇರು, ರಸ್ತೆಯ ಉಲ್ಟಾ ಬದಿ. ಜೊತೆಗೆ ಆ ಗಟ್ಟಿ ಟೈರುಗಳು ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪವೇ ಜಾರತೊಡಗಿದ್ದವು.

ಏರು ಶುರುವಾಗುವಲ್ಲಿ ಪೊಲೀಸ್ ನಿಂತಿದ್ದ. ನೀಲಿ ಫಲಕದ ಮೇಲೆ ಸರಪಳಿ ಸುತ್ತಿದ ಚಕ್ರದ ಚಿತ್ರ. ಎಲ್ಲರೂ ಬದಿಗೆ ನಿಲ್ಲಿಸಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮುಂದಿನ ಕಾರಿನಿಂದ ಒಬ್ಬ ಅಜ್ಜಿ ಇಳಿದು, ಪದ್ದಕ್ಕನ ವಯಸ್ಸಿನವಳೇ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಕೈ ಝಾಡಿಸಿಕೊಂಡು ಹೋದಳು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ದಪ್ಪ ಸರಪಳಿ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು. ಕೊಟ್ಟಿದ್ದ ಹಾಳೆಯಲ್ಲಿ ಮೂರು ಭಾಷೆ, ಮೂರೂ ನನಗೆ ಬಾರದವು.

ಹಾಕಿದ್ದು ಎಲ್ಲಿ ಗೊತ್ತೆ? ಹಿಂದಿನ ಎರಡು ಚಕ್ರಗಳಿಗೆ. ಮತ್ತೆಲ್ಲಿ ಹಾಕಬೇಕು? ನಮ್ಮ ಊರಿನ ಕಪ್ಪು-ಹಳದಿ ಟ್ಯಾಕ್ಸಿಯಿಂದ ಹಿಡಿದು ಮಂತ್ರಿಯ ಬಿಳಿ ಕಾರಿನವರೆಗೆ, ಲಾರಿ, ಬಸ್ಸು, ನನ್ನದೇ ಹಳೆಯ ಕಾರು, ಎಲ್ಲವೂ ಹಿಂದಿನ ಚಕ್ರದಿಂದ ನೂಕಿಕೊಂಡು ಹೋಗುವಂಥವು. ಎಂಜಿನ್ನಿನ ಬಲ ಹೋಗುವುದು ಹಿಂದಕ್ಕೆ. ಮುಂದಿನ ಚಕ್ರ ಇರುವುದು ದಾರಿ ತಿರುಗಿಸಲು ಎಂಬುದು ಪರೇಲಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮುಂದಿನ ಚಕ್ರದಿಂದ ಎಳೆಯುವ ಚಿಕ್ಕ ಕಾರುಗಳು ಮುಂಬಯಿಯಲ್ಲಿ ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದವು. ಅವನ್ನು ನಾನು ಸೋಪಿನ ಡಬ್ಬಿ ಎಂದು ಹಾಸ್ಯ ಮಾಡುತ್ತಿದ್ದೆನೇ ಹೊರತು ಬಾನೆಟ್ಟು ಎತ್ತಿ ನೋಡಿರಲಿಲ್ಲ. ಈ ಬಾಡಿಗೆ ಕಾರೂ ಅದೇ ಕುಲದ್ದೋ ಎಂದು ವಿಚಾರಿಸುವ ಯೋಚನೆಯೇ ನನಗೆ ಬರಲಿಲ್ಲ.

ನಾನು ಹೊರಡುವಾಗ ಪೊಲೀಸ್ ದೂರದಿಂದ ಏನೋ ಕೂಗಿ, ಮುಂದಕ್ಕೆ ಬೆರಳು ಮಾಡಿ ತೋರಿಸಿದ. ಹೋಗು ಎನ್ನುತ್ತಿದ್ದಾನೆ ಎಂದು ಕೈ ಬೀಸಿ ಹೋದೆ. ಗಂಟೆ ಹತ್ತಾಗುತ್ತ ಬಂದಿತ್ತು.

ಮೂರನೇ ತಿರುವು

ಎರಡು ತಿರುವು ಹತ್ತಿತು. ಮೂರನೆಯದರಲ್ಲಿ ನಿಂತಿತು. ಎಂಜಿನ್ನು ಕಿರುಚುತ್ತಿದೆ, ಕಾರು ಕದಲುವುದಿಲ್ಲ. ನಾನು ಒತ್ತಿದಷ್ಟೂ ಮೂತಿ ಪಕ್ಕಕ್ಕೆ ಜಾರಿ ಹಿಮದ ಗುಡ್ಡೆಗೆ ಒರಗಿತು. ಸರಪಳಿ ಹಾಕಿಯೂ ಹೀಗೆ! ನಾನು ಸರಪಳಿಯನ್ನು ಬೈದೆ, ಕಾರನ್ನು ಬೈದೆ, ಆ ಕನ್ನಡಕದ ಹೆಂಗಸನ್ನು ಬೈದೆ, ಸುಧಾಕರನನ್ನು, ನಮ್ಮ ಮ್ಯಾನೇಜರನ ತಂಗಿಯ ಗಂಡನನ್ನೂ ಬಿಡಲಿಲ್ಲ.

ಪದ್ದಕ್ಕ ಮೆಲ್ಲಗೆ ಬಾಗಿಲು ತೆಗೆದು ಇಳಿದರು. ಸೀರೆ ಎತ್ತಿ ಹಿಡಿದು ಕಾರಿನ ಪಕ್ಕ ನಿಂತು ನೋಡಿದರು.

“ಭೂಷಣರೆ, ಒಂದು ಸಲ ಕೊಡಿ ಗ್ಯಾಸು.”

ಕೊಟ್ಟೆ.

“ಸರಪಳಿ ಇರುವ ಚಕ್ರ ಸುಮ್ನೆ ಕೂತಿದೆ ಮಾರಾಯ್ರೆ. ಇಲ್ಲದ್ದು ತಿರುಗ್ತಾ ಉಂಟು.”

“ನಿಮಗೆ ಗಾಡಿ ವಿಷಯ ತಿಳಿಯಲ್ಲ ಪದ್ದಕ್ಕ, ಒಳಗೆ ಕೂತ್ಕೊಳಿ. ಶೀತ ಆಗತ್ತೆ.”

“ತಿಳಿಯುದಿಲ್ಲ, ಹೌದು. ಆದ್ರೆ ಕಾಣ್ತದಲ್ಲ.”

ಇಳಿದು ನೋಡಿದೆ. ಮುಂದಿನ ಚಕ್ರಗಳು ಹಿಮವನ್ನು ಅರೆದು ಅರೆದು ಕನ್ನಡಿ ಮಾಡಿದ್ದವು. ಹಿಂದಿನವು, ನನ್ನ ಮುಕ್ಕಾಲು ಗಂಟೆಯ ಕೆಲಸವನ್ನು ಹೊತ್ತು, ಮದುವೆ ಮನೆಯಲ್ಲಿ ಒಡವೆ ಹಾಕಿಕೊಂಡು ಕೂತ ದೊಡ್ಡಮ್ಮಂದಿರಂತೆ ಅಲ್ಲಾಡದೆ ನಿಂತಿದ್ದವು. ಏನಾಗಿದೆಯೆಂದು ಒಂದು ಕ್ಷಣದಲ್ಲಿ ಹೊಳೆಯಿತು. ಹೊಳೆದು ಏನು ಬಂತು? ಬಿಚ್ಚಲು ಹೋದರೆ ಕೊಂಡಿಗಳು ಹೆಪ್ಪುಗಟ್ಟಿದ್ದವು. ನನ್ನ ಉಣ್ಣೆಯ ಕೈಗವಸು ನೆನೆದು ಮರವಾಗಿತ್ತು. ಬೆರಳುಗಳು ಮಾತು ಕೇಳಲಿಲ್ಲ. ಹತ್ತು ಗಂಟೆ ಇಪ್ಪತ್ತು ನಿಮಿಷ.

ಪದ್ದಕ್ಕ ಒಳಗೆ ಕುಳಿತು ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅಳಲಿಲ್ಲ. “ನಾನು ಬರ್ಲಿಲ್ಲ ಅಂತ ಬರೆಸ್ತಾಳೆ ಅವಳು” ಎಂದರು. ಅಷ್ಟೇ. ಪರೇಲಿನ ಶೆಡ್ಡಿನಲ್ಲಿ ನನ್ನ ಮುಂದೆ ಎಷ್ಟೋ ಜನ ನಿಂತು ಗೋಗರೆದಿದ್ದಾರೆ, ಯಾವತ್ತೂ ಕರಗಿದವನಲ್ಲ. ಈ ಒಂದು ಮಾತಿಗೆ ಮತ್ತೆ ಹಿಮದಲ್ಲಿ ಮೊಣಕಾಲೂರಿ ಆ ಕೊಂಡಿಗಳನ್ನು ಎಳೆಯತೊಡಗಿದೆ.

ಆಗ ಮೇಲಿನ ತಿರುವಿನಿಂದ ಕಿತ್ತಳೆ ಬಣ್ಣದ ಒಂದು ಭಾರಿ ಲಾರಿ ಇಳಿದು ಬಂತು. ಮುಂದೆ ಆಳೆತ್ತರದ ಕಬ್ಬಿಣದ ಹಲಗೆ. ರಸ್ತೆಯ ಹಿಮವನ್ನು ಬದಿಗೆ ತಳ್ಳುತ್ತ, ಉಳಿದದ್ದು ಕರಗಲೆಂದು ಹಿಂದೆ ಉಪ್ಪು ಚೆಲ್ಲುತ್ತ ಬಂದು ನಮ್ಮ ಎದುರು ನಿಂತಿತು. ಕಿತ್ತಳೆ ಜಾಕೀಟಿನ ಎತ್ತರದ ಮನುಷ್ಯ ಜಿಗಿದು ಬಂದ. ನನ್ನ ಕಡೆ ನೋಡಲೂ ಇಲ್ಲ. ನೇರ ಪದ್ದಕ್ಕನ ಕಿಟಕಿಗೆ ಬಗ್ಗಿ, ಕೋಟಿನ ಕೆಳಗೆ ಕಾಣುತ್ತಿದ್ದ ರೇಷ್ಮೆಯ ಅಂಚನ್ನು ನೋಡಿ ಟೋಪಿ ತೆಗೆದ.

“ಅಮ್ಮಾ? ನಮಸ್ಕಾರ. ನಾನು ರೇಟೊ. ಊಟ ಆಯ್ತಾ?”

ಬೆಳಿಗ್ಗೆ ಹತ್ತೂವರೆಗೆ, ಹಿಮ ಸುರಿಯುವ ಘಾಟಿಯಲ್ಲಿ, ಮದುವೆಯ ಗಂಡು ‘ಊಟ ಆಯ್ತಾ’ ಎಂದು ಕೇಳುತ್ತಾನೆ! ವನಜಾ ಕಲಿಸಿದ ಮೂರು ಮಾತನ್ನೂ ಒಟ್ಟಿಗೆ ಖರ್ಚು ಮಾಡಿಬಿಟ್ಟಿದ್ದ. ಲಾರಿಯ ಕ್ಯಾಬಿನ್ನಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಅವನ ಕರಿಯ ಸೂಟು ನೇತಾಡುತ್ತಿತ್ತು. ಅಂದು ಅವನಿಗೆ ರಜೆಯಂತೆ. ಹಿಮದ ಸುದ್ದಿ ಕೇಳಿ, ನಾವು ಕಾರಿನಲ್ಲಿ ಬರುತ್ತಿದ್ದೇವೆಂದೂ ತಿಳಿದು, ರಜೆ ಬೇಡವೆಂದು ಬೆಳಗಿನ ಜಾವದಿಂದ ಆ ಘಾಟಿಯನ್ನು ಹತ್ತಿ ಇಳಿದು ಮಾಡುತ್ತಿದ್ದ. ಅಮ್ಮ ದಾಟುವ ತನಕ ಘಾಟಿ ಮುಚ್ಚಲು ಬಿಡುವುದಿಲ್ಲ ಎಂದು ವನಜಾಳಿಗೆ ಹೇಳಿದ್ದನಂತೆ. ಇದು ನನಗೆ ಆಮೇಲೆ ತಿಳಿದದ್ದು.

ಅವನು ಹಿಂದಿನ ಚಕ್ರಗಳನ್ನು ನೋಡಿದ. ನನ್ನನ್ನು ನೋಡಿದ. ಬೈಯುತ್ತಾನೆಂದು ಕಾದೆ. ನಿಜ ಹೇಳುತ್ತೇನೆ, ಒಂದು ಬೈಗುಳ ಆಗ ನನಗೆ ಬೇಕಿತ್ತು. ಅವನು “ಬಾಂಬೆ?” ಎಂದು ಕೇಳಿ, ಹಿಂದಿನಿಂದ ನೂಕುವಂತೆ ಕೈ ಮಾಡಿ ತೋರಿಸಿದ. ನಿಮ್ಮ ಊರಿನ ಕಾರುಗಳು ಹಿಂದಿನಿಂದ ನೂಕುತ್ತವೆ, ಅಲ್ಲವೇ ಎಂದು. ನಾನು ತಲೆ ಆಡಿಸಿದೆ. ಅವನೂ ತಲೆ ಆಡಿಸಿ, ಹಾಗಾದರೆ ಸರಿ ಎನ್ನುವಂತೆ, ಹಿಮದ ಮೇಲೆ ಅಂಗಾತ ಮಲಗಿದ. ಈ ಮರ್ಯಾದೆ ನನಗೆ ಯಾವ ಬೈಗುಳಕ್ಕಿಂತಲೂ ಜೋರಾಗಿ ತಾಗಿತು.

ಗವಸು ತೆಗೆದು ಬರಿಗೈಯಲ್ಲೇ ಕೊಂಡಿ ಬಿಚ್ಚಿದ. ಆ ದಪ್ಪ ಸರಪಳಿಯನ್ನು ಎಳೆದು ತಂದು ಮುಂದಿನ ಚಕ್ರಗಳಿಗೆ ಹಾಸಿ, ನನ್ನಿಂದ ಒಂದು ಗೇಣು ಮುಂದಕ್ಕೆ ತೆಗೆಸಿ, ಎಳೆದು ಬಿಗಿದ. ಎದ್ದು ನಿಂತಾಗ ಅವನ ಕೈಗಳು ಗ್ರೀಸು, ಉಪ್ಪು, ಮಣ್ಣಿನಿಂದ ಕಪ್ಪಾಗಿದ್ದವು. ಒಂದು ಗೆಣ್ಣು ಸುಲಿದು ರಕ್ತ ಬರುತ್ತಿತ್ತು. ಚಳಿಗೆ ಬೆರಳು ಮಡಿಸಲಾಗದೆ ಎರಡೂ ಅಂಗೈ ಮುಂದೆ ಹಿಡಿದುಕೊಂಡು ನಿಂತ.

ಪದ್ದಕ್ಕ ಕಾರಿನಿಂದ ಇಳಿದರು. ಫ್ಲಾಸ್ಕಿನಲ್ಲಿ ಉಳಿದಿದ್ದ ನೀರನ್ನು, ಆ ಹೊತ್ತಿಗೆ ಅದು ಉಗುರು ಬೆಚ್ಚಗಾಗಿತ್ತು, ಗಿಂಡಿಗೆ ಬಗ್ಗಿಸಿದರು. ನಾನು ಮುಂದೆ ಹೋಗಿ, “ಕೊಡಿ ಪದ್ದಕ್ಕ, ನಾನು ಎರೀತೀನಿ” ಎಂದೆ.

“ಬೇಡ ಭೂಷಣರೆ. ನಾನೇ ಎರಿತೇನೆ.”

ಎರೆದರು. ಗಿಂಡಿಯ ಕೊಕ್ಕಿನಿಂದ ನೀರು ಸಣ್ಣಗೆ ಅವನ ಅಂಗೈ ಮೇಲೆ ಬಿತ್ತು. ಹಬೆ ಎದ್ದಿತು. ಕಪ್ಪು ನೀರು ಹಿಮದ ಮೇಲೆ ಇಳಿಯಿತು. ಗಿಂಡಿ ಖಾಲಿಯಾಗುವ ತನಕ ಅವನು ಕೈ ತೆಗೆಯಲಿಲ್ಲ. ಅವನಿಗೆ ಅದರ ಅರ್ಥ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಪದ್ದಕ್ಕ ತಮ್ಮ ರೇಷ್ಮೆ ಸೆರಗಿನಿಂದ ಅವನ ಕೈ ಒರಸಿದರು. ನನ್ನ ಬಾಯಿಂದ ಬಿದ್ದ ಆ ಒಂದು ಮಾತು, ಸಯನ್ನಿನ ಮೂರು ಮಹಡಿ ಹತ್ತಿದ ಮಾತು, ಆಗ ನೆನಪಾಗಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಯಾವತ್ತೂ ಬಂದಿಲ್ಲ.

ಆಮೇಲೆ ಅವನು ಲಾರಿ ತಿರುಗಿಸಿದ. ಲಾರಿ ಮುಂದೆ, ನಾವು ಹಿಂದೆ. ಅದು ತೆಗೆದ ದಾರಿಯಲ್ಲೇ ಘಾಟಿ ದಾಟಿದೆವು. ಹನ್ನೊಂದೂಮುಕ್ಕಾಲಿಗೆ ಮುಟ್ಟಿದಾಗ ನೋಂದಣಿ ಅಧಿಕಾರಿ ಗಡಿಯಾರ ನೋಡದೆ ಕುಳಿತಿದ್ದ. ಕೆಂಪು ದೀಪಕ್ಕೆ ಕಾಯುವ ಆ ಜನ, ರಸ್ತೆಯವನು ತಡವಾದನೆಂದರೆ ರಸ್ತೆ ಕೆಟ್ಟಿದೆಯೆಂದೇ ಅರ್ಥ ಎಂದು ಅವನಿಗಾಗಿಯೂ ಕಾಯುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ರೇಟೊ ಸೂಟು ಹಾಕಿಕೊಂಡ. ಪದ್ದಕ್ಕ ಪೊರೆಗಣ್ಣಿನಿಂದಲೇ ಕಾಗದಕ್ಕೆ ಮೂಗು ತಾಗಿಸಿ ಕನ್ನಡದಲ್ಲಿ ‘ಪದ್ಮಾವತಿ’ ಎಂದು ಸಹಿ ಹಾಕಿದರು. ವನಜಾ ಅಮ್ಮನನ್ನು ಅಪ್ಪಿಕೊಂಡೇ ನನ್ನ ಕಡೆ ತಿರುಗಿ, “ಅಂಕಲ್, ಟ್ರೈನ್‌ನಲ್ಲೇ ಬನ್ನಿ ಅಂತ ಬರೆದಿದ್ದೆ ನಾ? ಸುನ್ತೇ ಕಹಾಂ ಹೋ ಆಪ್!” ಎಂದು ಬೈದಳು. ಕೊನೆಗೂ ಒಬ್ಬರು ಬೈದರಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಮತ್ತೆ ಸಯನ್

ಬಂದ ಮರುದಿನ ಬೆಳಿಗ್ಗೆ ನೀರು ತುಂಬಿಸುವ ಹೊತ್ತು. ಬಿಲ್ಡಿಂಗಿನ ಅರ್ಧ ಜನ ಅಂಗಳದಲ್ಲಿ ಬಕೀಟು ಹಿಡಿದು ನಿಂತಿದ್ದರು. ಸುಧಾಕರ ಮೆಟ್ಟಿಲಿನ ಬಳಿ ನನ್ನನ್ನು ಹಿಡಿದ. ಅಮ್ಮನನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

“ಮಾಮಾ, ಠೀಕ್ ಸೇ ಬೋಲೊ. ನಿಜವಾಗಿ ಅವನು ಮಾಡೋದು ಎಂತ? ಇಂಜಿನಿಯರ್ ಟೈಪ್ ಏನಾದ್ರೂ ಉಂಟಾ? ಜನಕ್ಕೆ ಹೇಳ್ಲಿಕ್ಕೆ ಆಗ್ಬೇಕಲ್ಲ.”

ಬಕೀಟುಗಳೆಲ್ಲ ಸುಮ್ಮನಾದವು. ಇಂಜಿನಿಯರ್ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಲ್ಲರಿಗೂ ಹಿತವಾಗುತ್ತಿತ್ತು. ಹಿಂದೆ ಪದ್ದಕ್ಕ ಬಿಲ್ಡಿಂಗಿನ ಬಾಗಿಲಲ್ಲಿ ನಿಂತು ಗಿಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು.

“ರಸ್ತೆ ಗುಡಿಸೋನು ಅಂತ ಮೊದಲು ಹೇಳಿದ್ದು ನಾನು ಸುಧಾಕರ” ಎಂದೆ, ಮೂರೂ ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ. “ನನ್ನ ಬಾಯಿಂದಲೇ ಬಿದ್ದ ಮಾತು ಅದು. ತಪ್ಪು ನನ್ನದು. ಆದರೆ ಕೆಲಸ ಅದೇ ಕಣಪ್ಪ, ಬೇರೆ ಹೆಸರು ಬೇಕಾಗಿಲ್ಲ. ಅವನು ರಸ್ತೆ ಗುಡಿಸ್ತಾನೆ. ಅವನ ಮದುವೆಯ ದಿನವೂ ಗುಡಿಸಿದ. ಅವನು ಗುಡಿಸಿದ ರಸ್ತೆಯಲ್ಲೇ ನಿಮ್ಮಮ್ಮ ಮಗಳ ಮದುವೆಗೆ ಹೋಗಿ ಮುಟ್ಟಿದ್ದು. ನೀನು ವಿಲೆ ಪಾರ್ಲೆಯಲ್ಲೇ ಇಳಿದುಕೊಂಡೆ.”

ಸುಧಾಕರನ ಬಕೀಟು ನಲ್ಲಿಯಡಿ ತುಂಬಿ ಹೊರಗೆ ಹರಿಯುತ್ತಿತ್ತು. ಪದ್ದಕ್ಕ ಬಂದು ನಲ್ಲಿ ನಿಲ್ಲಿಸಿ, ಗಿಂಡಿ ತೊಳೆದುಕೊಂಡು ಒಳಗೆ ಹೋದರು.